ಪ್ಲೇಗಿನ ಸೂಜಿಯಿಂದ ಕೊರೋನಾ ಸೂಜಿಯವರೆಗೆ

ಕಾಸರಗೋಡಿನವರಿಗೆ ಸೊಲ್ಲಾಪುರ ದೂರದ ಊರಾದರೂ ಪರರ ಊರಲ್ಲ. 1967ರ ಮಹಾಜನ ವರದಿಯು ಚಂದ್ರಗಿರಿಯ ಉತ್ತರದ ನಮ್ಮ ಭಾಗವನ್ನು ಹೆಸರಿಸಿದಂತೆಯೇ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳನ್ನೂ ಕರ್ನಾಟಕಕ್ಕೆ ಸೇರತಕ್ಕವೆಂದು ಹೇಳಿತ್ತು. ವರದಿ ಕಡತದಲ್ಲಿ ಉಳಿಯಿತು, ಕನ್ನಡ ಅಲ್ಲಿಯ ಮನೆಗಳಲ್ಲಿ ಉಳಿಯಿತು. ಅಂಥ ಮನೆಯವರಿಗೆ ಮಹಾಮಾರಿಯ ಕಾಲದಲ್ಲಿ ಚುಚ್ಚುಮದ್ದಿನ ಗುಣದೋಷಗಳನ್ನು ಯಾರು, ಯಾವ ಮಾತಿನಲ್ಲಿ ತಿಳಿಸಬೇಕು?

ಸೂಜಿಯ ಅಂಜಿಕೆ ಆ ಸೀಮೆಗೆ ಹೊಸತಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕ್ರಮೇಣ ಸೊಲ್ಲಾಪುರಕ್ಕೂ ಹುಬ್ಬಳ್ಳಿ-ಧಾರವಾಡಗಳಿಗೂ ಬಂತು. ಆಗ ಇವೆಲ್ಲ ಒಂದೇ ಮುಂಬಯಿ ಪ್ರಾಂತದ ಊರುಗಳು. ಇಲಿ ಬಿದ್ದಿತೆಂದರೆ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆಸ್ಪತ್ರೆ ಸೇರಿದವರನ್ನು ಕೊಂದು ಮೈಯಿಂದ ಎಣ್ಣೆ ತೆಗೆಯುತ್ತಾರೆಂಬ ಗುಲ್ಲು ಮುಂಬಯಿಯಲ್ಲಿ ಎದ್ದಿತ್ತು. 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆಯೇ ನುಗ್ಗಿದರು. ಗುಲ್ಲು ಸುಳ್ಳು. ಆದರೆ ಪುಣೆಯಲ್ಲಿ ಸೋಲ್ಜರರು ಒಳಮನೆಗೆ ಹೊಕ್ಕು ಶೋಧಿಸಿದ್ದು ಸುಳ್ಳಲ್ಲ. ಸರಕಾರದ ಕೈ ಕಂಡರೇ ಹೆದರುತ್ತಿದ್ದವರು ಅದೇ ಕೈಯ ಸೂಜಿಯನ್ನು ನಂಬುವುದು ಹೇಗೆ?

ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ನೋವು, ಜ್ವರ ಎರಡೂ ಬಂದವು. ಮರುವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಇದೇ ಲಸಿಕೆ ಹಾಕಿಸಿಕೊಂಡರು. ಅದು ಪ್ಲೇಗನ್ನು ಪೂರ್ತಿ ತಡೆಯಲಿಲ್ಲವಾದರೂ ಸಾವನ್ನು ಬಹಳ ಇಳಿಸಿತು.

ಅಷ್ಟರಲ್ಲಿ ಒಂದು ನಿಜವಾದ ಅನಾಹುತವೇ ನಡೆಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಚುಚ್ಚುಮದ್ದು ಕೊಡಲಾಯಿತು. ಅವರಲ್ಲಿ ಒಂದೇ ಬಾಟಲಿಯ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಪ್ರಯೋಗಾಲಯದ್ದೆಂದು ವಿಚಾರಣೆ ಹೇಳಿತು. ಹಾಫ್ಕಿನ್ ಅಧಿಕಾರ ಕಳೆದುಕೊಂಡನು. ಆದರೆ ಬಾಟಲಿಯ ಬಿರಡೆ ತೆಗೆಯುವ ಚಿಮಟ ಅಂದು ಹಳ್ಳಿಯಲ್ಲಿ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧಿ ಮಾಡದೆ ಅದನ್ನೇ ಬಳಸಿದ್ದರು. ಮಲೇರಿಯಾದ ಗುಟ್ಟು ಬಯಲು ಮಾಡಿದ ರೊನಾಲ್ಡ್ ರಾಸ್ ಮೊದಲಾದವರು ಪಟ್ಟು ಹಿಡಿದ ಮೇಲೆ, 1907ರಲ್ಲಿ ಹಾಫ್ಕಿನ್ ದೋಷಮುಕ್ತನಾದನು. ಮದ್ದು ಶುದ್ಧವಾಗಿತ್ತು, ಚಿಮಟ ಅಶುದ್ಧವಾಗಿತ್ತು. ಇದು ತಿಳಿಯಲು ಐದು ವರ್ಷ! ಅಷ್ಟು ಕಾಲ ಗುಲ್ಲನ್ನು ಹಿಡಿದು ನಿಲ್ಲಿಸುವವರು ಯಾರು?

ಇನ್ನು ನಮ್ಮ ಕಾಲಕ್ಕೆ ಬರೋಣ. 2021ರ ಜನವರಿ 16ರಂದು ದೇಶದಲ್ಲಿ ಕೊರೋನಾ ಲಸಿಕೆ ಆರಂಭವಾಯಿತು. ಕೋವಿಶೀಲ್ಡ್ ತಯಾರಾದದ್ದು ಸೊಲ್ಲಾಪುರದ ನೆರೆಯ ಪುಣೆಯಲ್ಲಿಯೇ. ಆದರೂ ಸಂಶಯವೇನೂ ಕಡಿಮೆಯಿರಲಿಲ್ಲ. ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲವೆಂಬ ಮಾತು ದೇಶದುದ್ದಕ್ಕೂ ಹಬ್ಬಿತು, ಅದಕ್ಕೆ ಆಧಾರವಿರಲಿಲ್ಲ. ಆದರೆ ಎಲ್ಲ ಹಿಂಜರಿಕೆಯೂ ಮೂಢನಂಬಿಕೆಯಲ್ಲ. ಸೊಲ್ಲಾಪುರದಲ್ಲಿ ಬೀಡಿ ಸುತ್ತುವ ಹೆಂಗಸರಿಗೆ ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಸೂಜಿಯಿಂದ ಎರಡು ದಿನ ಜ್ವರ ಬಂದರೆ ಎರಡು ದಿನದ ಸಂಪಾದನೆ ಹೋಯಿತು. ಇದನ್ನು ಅಜ್ಞಾನವೆಂದು ಬೈಯುವವರಿಗೆ ತಿಂಗಳ ಸಂಬಳ ಬರುತ್ತದೆ.

ಅಪಾಯವೇ ಇಲ್ಲವೆಂದು ಸಾರಿದ್ದೂ ತಪ್ಪೇ. ಈ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯಾಗಬಹುದೆಂದು ಯುರೋಪಿನ ಔಷಧ ನಿಯಂತ್ರಕರು 2021ರ ಏಪ್ರಿಲಿನಲ್ಲಿಯೇ ತಿಳಿಸಿದ್ದರು. ಅದೇ ಮೇ ತಿಂಗಳಲ್ಲಿ ಭಾರತದ ಸಮಿತಿಯೂ ಹತ್ತು ಲಕ್ಷ ಡೋಸಿಗೆ 0.61 ಶಂಕಿತ ಪ್ರಕರಣವೆಂದು ಲೆಕ್ಕ ಕೊಟ್ಟಿತು. ಈ ಲೆಕ್ಕ ಎಷ್ಟು ಮನೆಗಳನ್ನು ಮುಟ್ಟಿತು? 2024ರಲ್ಲಿ ಆಸ್ಟ್ರಾಜೆನೆಕಾ ಲಂಡನ್ನಿನ ನ್ಯಾಯಾಲಯದಲ್ಲಿ ಅದನ್ನೇ ಒಪ್ಪಿಕೊಂಡಾಗ, ಮುಚ್ಚಿಟ್ಟ ಗುಟ್ಟು ಹೊರಬಿತ್ತೆಂಬಂತೆ ಜನ ಬೆಚ್ಚಿದರು. ಮೊದಲೇ ತಿಳಿಹೇಳಿದ್ದರೆ ಕೊರೋನಾದ ಅಪಾಯ ಎಷ್ಟು, ಸೂಜಿಯದೆಷ್ಟು ಎಂದು ತೂಗಿ ನೋಡಲು ಅಕ್ಕಲಕೋಟೆಯ ರೈತನಿಗೂ ಬರುತ್ತಿತ್ತು.

ಲಸಿಕೆಗೆ ಹೆಸರು ನೋಂದಾಯಿಸುವ ಕೋವಿನ್ ತಾಣದಲ್ಲಿ ಕನ್ನಡ ಕಾಣಿಸಿದ್ದು 2021ರ ಜೂನ್ ಹೊತ್ತಿಗೆ. ಅದೂ ಫೋನು ಬಲ್ಲವರಿಗೆ. ಮಹಾರಾಷ್ಟ್ರ ಸರಕಾರದ ವ್ಯವಹಾರ ಮರಾಠಿಯಲ್ಲಿ, ಅದು ಸಹಜವೇ. ಆದರೆ ಅಕ್ಕಲಕೋಟೆಯ ಮುದುಕಿ “ಜ್ವರಾ ಬಂದ್ರ ಏನ್ ಮಾಡ್ಬೇಕ್ರಿ?” ಎಂದು ಕನ್ನಡದಲ್ಲಿ ಕೇಳುತ್ತಾಳೆ. ಮುಂದಿನ ಸಲ ಲಸಿಕೆಯ ಪೆಟ್ಟಿಗೆ ಆ ತಾಲೂಕಿಗೆ ಹೋಗುವಾಗ ಉತ್ತರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ, ಅಡ್ಡ ಪರಿಣಾಮಗಳ ಸಮೇತ, ಜತೆಗೆ ಹೋಗಲಿ. ನಮ್ಮ ಮಂಜೇಶ್ವರದ ಕಡೆಗೂ ಅಂಥದೊಂದು ಬರಲಿ.