ಪಳಗಿದ ಕೈಯ ಗುಟ್ಟು

ಒಂದು ಚಿಕ್ಕ ಪ್ರಯೋಗದಿಂದ ಈ ಅಧ್ಯಾಯ ಶುರು ಮಾಡೋಣ. ಹಾಳೆಯ ಮೇಲೆ ಪೆನ್ನಿನಿಂದ ‘ಅ’ ಬರೆಯಿರಿ. ಆಮೇಲೆ ಶಾಲೆಯ ಕಪ್ಪು ಹಲಗೆ ತುಂಬುವಷ್ಟು ದೊಡ್ಡ ‘ಅ’ ಬರೆಯಿರಿ. ಕೊನೆಗೆ ಮರಳಿನ ಮೇಲೆ ಕಾಲಿನ ಹೆಬ್ಬೆರಳಿನಿಂದ ಇನ್ನೊಂದು. ಮೊದಲನೆಯದಕ್ಕೆ ದುಡಿದದ್ದು ಬೆರಳು, ಎರಡನೆಯದಕ್ಕೆ ಭುಜ, ಮೂರನೆಯದಕ್ಕೆ ಸೊಂಟ ಮತ್ತು ಮಂಡಿ. ಕಾಲು ಬರೆದದ್ದು ಸೊಟ್ಟಗಿದ್ದೀತು; ಆದರೂ ಅದು ‘ಅ’ ಎಂದು ಯಾರಿಗೂ ಗೊತ್ತಾಗುತ್ತದೆ. ಕಾಲಿಗೆ ಯಾರೂ ಅಕ್ಷರ ತಿದ್ದಿಸಿರಲಿಲ್ಲ. ಹಾಗಾದರೆ ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ನಾವು ಕಲಿತದ್ದಾದರೂ ಏನು?

ಈ ಬಗೆಯ ಪ್ರಶ್ನೆಗಳ ಬೆನ್ನು ಹತ್ತಿದವರು ರಷ್ಯಾದ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ (1896–1966). 1920ರ ದಶಕದಲ್ಲಿ ಅವರು ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆಯಲ್ಲಿದ್ದರು. ಉಳಿಯ ತಲೆಗೆ ಸುತ್ತಿಗೆಯಿಂದ ಹೊಡೆಯುವ ನುರಿತ ಕೆಲಸಗಾರರ ಕೈಚಲನೆಯನ್ನು ಅಲ್ಲಿ ಅಳೆದರು. ಕೈಯ ಕೀಲುಗಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ, ಕ್ಷಣಕ್ಷಣಕ್ಕೂ ತೆರೆದು ಮುಚ್ಚುವ ಕ್ಯಾಮೆರಾದಲ್ಲಿ ಆ ಬೆಳಕಿನ ಜಾಡು ಹಿಡಿದರು. ವರ್ಷಗಟ್ಟಲೆ ಅದೇ ಕೆಲಸ ಮಾಡಿದವನ ಕೈ ಒಂದೇ ಹಾದಿಯಲ್ಲಿ ಯಂತ್ರದಂತೆ ಓಡಾಡಬೇಕಲ್ಲವೆ? ಚಿತ್ರಗಳು ಬೇರೆಯೇ ಹೇಳಿದವು. ಸುತ್ತಿಗೆ ಉಳಿಯ ತಲೆಯ ಮೇಲೇ ಬೀಳುತ್ತಿತ್ತು, ಆದರೆ ಭುಜ ಮತ್ತು ಮೊಣಕೈಗಳ ಜಾಡು ಏಟಿನಿಂದ ಏಟಿಗೆ ಬದಲಾಗುತ್ತಿತ್ತು. ಭುಜ ಕೊಂಚ ಆಚೆ ಸರಿದರೆ ಮೊಣಕೈ ಅದನ್ನು ಸರಿತೂಗಿಸುತ್ತಿತ್ತು. ಪಳಗಿದ ಕೈ ಹಳೆಯ ಏಟನ್ನು ನಕಲು ಮಾಡುತ್ತಿರಲಿಲ್ಲ. ಪ್ರತಿ ಸಲವೂ ಅದೇ ಲೆಕ್ಕವನ್ನು ಹೊಸದಾಗಿ ಬಿಡಿಸುತ್ತಿತ್ತು.

ಕ್ರೀಡೆಯ ಕಲಿಕೆಯ ತಿರುಳು ಇದೇ. ಅಭ್ಯಾಸ ಎಂದರೆ ಒಂದು ಚಲನೆಯನ್ನು ಉರು ಹೊಡೆಯುವುದಲ್ಲ, ಒಂದು ಸಮಸ್ಯೆಯನ್ನು ಮತ್ತೆ ಮತ್ತೆ ಬಿಡಿಸುವುದು.

ಮೊದಲು ಬಿಗಿತ, ಆಮೇಲೆ ಸಡಿಲ

ಸೈಕಲ್ ಕಲಿಯುವ ಮಗುವನ್ನು ನೋಡಿ. ಹ್ಯಾಂಡಲ್ ಮೇಲೆ ಮುಷ್ಟಿ ಬಿಗಿದಿದೆ, ಮೊಣಕೈ ಸೆಟೆದಿದೆ, ಕತ್ತು ಅಲುಗದು. ಬ್ಯಾಡ್ಮಿಂಟನ್‌ಗೆ ಹೊಸದಾಗಿ ಬಂದವರೂ ಹೀಗೆಯೇ: ಮಣಿಕಟ್ಟು, ಮೊಣಕೈ ಎರಡನ್ನೂ ಬಿಗಿಹಿಡಿದು ಇಡೀ ತೋಳನ್ನು ಬಾಗಿಲಿನಂತೆ ಬೀಸುತ್ತಾರೆ. “ಸಡಿಲ ಬಿಡು, ಸಡಿಲ ಬಿಡು” ಎಂದು ಕೋಚ್ ಕೂಗುತ್ತಾರೆ.

ಆ ಬಿಗಿತಕ್ಕೆ ಕಾರಣವಿದೆ. ನಮ್ಮ ತೋಳು ಭುಜದಲ್ಲಿ ಮೂರು ಬಗೆಯಾಗಿ ತಿರುಗಬಲ್ಲದು, ಮೊಣಕೈ ಮತ್ತು ಮುಂಗೈಯಲ್ಲಿ ಎರಡು ಬಗೆ, ಮಣಿಕಟ್ಟಿನಲ್ಲಿ ಎರಡು. ಬೆರಳುಗಳನ್ನು ಬಿಟ್ಟೇ ಒಟ್ಟು ಏಳು. ಎದುರಿನ ಲೋಟವನ್ನು ಮುಟ್ಟಬೇಕೆಂದರೂ ತೋಳಿಗೆ ಲೆಕ್ಕವಿಲ್ಲದಷ್ಟು ದಾರಿಗಳಿವೆ. ಇಷ್ಟೊಂದು ಸ್ವಾತಂತ್ರ್ಯವನ್ನು ಹೊಸಬರ ಮಿದುಳು ಒಮ್ಮೆಲೇ ನಿಭಾಯಿಸಲಾರದು. ಆದ್ದರಿಂದ ಕೆಲವು ಕೀಲುಗಳಿಗೆ ಬೀಗ ಹಾಕಿ ಲೆಕ್ಕವನ್ನು ಹಗುರ ಮಾಡಿಕೊಳ್ಳುತ್ತದೆ. ಅದು ದಡ್ಡತನವಲ್ಲ, ದೇಹ ಕಂಡುಕೊಂಡ ಮೊದಲ ಉತ್ತರ. ಧೈರ್ಯ ಬಂದಂತೆ ಬೀಗಗಳು ಒಂದೊಂದಾಗಿ ಕಳಚುತ್ತವೆ. ಕೊನೆಯ ಹಂತದಲ್ಲಿ ದೇಹ ಬೀಸಿನ ವೇಗವನ್ನೇ ದುಡಿಸಿಕೊಳ್ಳುತ್ತದೆ: ಭುಜದಲ್ಲಿ ಹುಟ್ಟಿದ ಓಟ ಮೊಣಕೈ ದಾಟಿ ಮುಂಗೈಗೆ ಹರಿದು, ರಾಕೆಟ್ಟಿನ ತುದಿಯಲ್ಲಿ ಚಾಟಿಯಂತೆ ಸಿಡಿಯುತ್ತದೆ.

ಸಲೀಸಾದ ಅಭ್ಯಾಸದ ಮೋಸ

ಸಂಜೆ ನಾನು ಹೋಗುವ ಒಳಾಂಗಣದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಶಾರ್ಟ್ ಸರ್ವ್ ಅಭ್ಯಾಸ ಮಾಡುತ್ತಿದ್ದಳು. ಪಕ್ಕದಲ್ಲಿ ಡಬ್ಬದ ತುಂಬ ಹಳೆಯ ಷಟಲ್‌ಗಳು. ಒಂದೇ ಜಾಗದಲ್ಲಿ ನಿಂತು, ಒಂದೇ ಮೂಲೆಗೆ, ಒಂದಾದ ಮೇಲೊಂದು ಸರ್ವ್. ಡಬ್ಬ ಖಾಲಿಯಾಗುವ ಹೊತ್ತಿಗೆ ಹತ್ತಕ್ಕೆ ಎಂಟು ಸರಿಯಾಗಿ ಬೀಳುತ್ತಿದ್ದವು. ಮಾರನೆಯ ದಿನ ಆಟದಲ್ಲಿ ಅವಳ ಮೊದಲ ಸರ್ವ್ ನೆಟ್ಟಿಗೆ ಬಡಿಯಿತು, ಎರಡನೆಯದೂ. ಕಣ್ಣು ತುಂಬಿ ಬಂದಿತ್ತು. “ನಿನ್ನೆ ಬರ್ತಿತ್ತಲ್ಲಾ ಸರ್” ಎಂದಳು.

ನಿನ್ನೆ ಬಂದದ್ದು ನಿಜ. ಆದರೆ ಒಂದೇ ಸರ್ವನ್ನು ಸಾಲಾಗಿ ಹೊಡೆಯುವಾಗ ಹಿಂದಿನ ಉತ್ತರ ಇನ್ನೂ ಕೈಯಲ್ಲೇ ಬೆಚ್ಚಗಿರುತ್ತದೆ. ಅದನ್ನೇ ಚೂರು ತಿದ್ದಿ ಹೊಡೆದರೆ ಸಾಕು. ಆಟದಲ್ಲಿ ಹಾಗಲ್ಲ, ಮೊದಲಿನಿಂದ ಯೋಚಿಸಿ ಕಟ್ಟಬೇಕು. 1986ರಲ್ಲಿ ಗೂಡ್ ಮತ್ತು ಮ್ಯಾಗಿಲ್ ಎಂಬ ಸಂಶೋಧಕರು ಬ್ಯಾಡ್ಮಿಂಟನ್‌ನ ಮೂರು ಬಗೆಯ ಸರ್ವ್‌ಗಳನ್ನೇ ಪರೀಕ್ಷೆಗೆ ಒಡ್ಡಿದರು. ಒಂದು ಗುಂಪು ಒಂದೊಂದು ಸರ್ವನ್ನು ಪ್ರತ್ಯೇಕವಾಗಿ ಕಲಿಯಿತು, ಇನ್ನೊಂದು ಗುಂಪು ಮೂರನ್ನೂ ಕಲಸಿ, ಮುಂದಿನದು ಯಾವುದೆಂದು ಗೊತ್ತಿಲ್ಲದಂತೆ ಕಲಿಯಿತು. ಅಭ್ಯಾಸ ನಿಲ್ಲಿಸಿ ಆಮೇಲೆ ಪರೀಕ್ಷಿಸಿದಾಗ ಕಲಸಿ ಕಲಿತವರದೇ ಮೇಲುಗೈ. ಕಲಿತ ಬದಿಯನ್ನು ಬಿಟ್ಟು ಅಂಕಣದ ಇನ್ನೊಂದು ಬದಿಯಿಂದ ಹೊಡೆಯಿರಿ ಎಂದಾಗಲೂ ಅವರ ಸರ್ವ್ ಕೆಡಲಿಲ್ಲ.

1978ರಲ್ಲಿ ಕೆರ್ ಮತ್ತು ಬೂತ್ ನಡೆಸಿದ ಪ್ರಯೋಗ ಇನ್ನೂ ಬೆರಗಿನದು. ಎಂಟು ವರ್ಷದ ಮಕ್ಕಳು ಪುಟ್ಟ ಚೀಲಗಳನ್ನು ಗುರಿಗೆ ಎಸೆಯಬೇಕು. ಕೆಲವರು ಮೂರು ಅಡಿ ದೂರದಿಂದಷ್ಟೇ ಅಭ್ಯಾಸ ಮಾಡಿದರು. ಉಳಿದವರು ಎರಡು ಮತ್ತು ನಾಲ್ಕು ಅಡಿಯಿಂದ ಎಸೆದರು, ಮೂರು ಅಡಿಯಿಂದ ಎಸೆಯಲೇ ಇಲ್ಲ. ಪರೀಕ್ಷೆ ನಡೆದದ್ದು ಮೂರು ಅಡಿಯಲ್ಲಿ. ಗೆದ್ದವರು ಎರಡನೆಯ ಗುಂಪಿನವರು. ಅವರು ಒಂದು ಎಸೆತವನ್ನು ಬಾಯಿಪಾಠ ಮಾಡಿರಲಿಲ್ಲ. ದೂರಕ್ಕೂ ತೋಳಿನ ಬಲಕ್ಕೂ ಇರುವ ನಂಟನ್ನು ಕಲಿತಿದ್ದರು.

ನಮ್ಮ ಬೀದಿಯ ಲಗೋರಿ ಈ ಪಾಠವನ್ನು ಪುಸ್ತಕವಿಲ್ಲದೆ ಕಲಿಸುತ್ತದೆ. ಇವತ್ತಿನ ಚೆಂಡು ಬಟ್ಟೆಯದು, ನಾಳೆಯದು ರಬ್ಬರಿನದು. ಬಿಲ್ಲೆ ಜೋಡಿಸಿದ ನೆಲ ಒಮ್ಮೆ ತಗ್ಗು, ಒಮ್ಮೆ ದಿಬ್ಬ. ಎರಡು ಎಸೆತ ಒಂದೇ ತೆರನಾಗಿರುವುದಿಲ್ಲ.

ಒಂದೇ ಅಚ್ಚು ಎಲ್ಲರಿಗೂ ಒಗ್ಗದು

ದೇಹಗಳು ಬೇರೆಯಾದ ಮೇಲೆ ಉತ್ತರಗಳೂ ಬೇರೆ. ಮೈಸೂರಿನಲ್ಲಿ ಹುಟ್ಟಿದ ಕ್ರಿಕೆಟಿಗ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದ ಪೋಲಿಯೊದಿಂದ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು. ಆದರೆ ಬೌಲಿಂಗ್ ಮಾಡಿದ್ದು ಅದೇ ಸೊರಗಿದ ಬಲಗೈಯಲ್ಲಿ, ಸ್ಪಿನ್ನರ್‌ಗಳಲ್ಲಿ ಅಪರೂಪವಾದ ವೇಗದಲ್ಲಿ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಪುಸ್ತಕದ ಶೈಲಿಗೆ ಬಗ್ಗಿಸಹೊರಟಿದ್ದರೆ ಆ ಕೈ ನಮಗೆ ಸಿಗುತ್ತಿರಲಿಲ್ಲ.

ಪಿ.ಟಿ. ಮೇಷ್ಟ್ರಿಗೆ, ಅಪ್ಪ ಅಮ್ಮಂದಿರಿಗೆ

ಮೊದಲ ಕೆಲವು ದಿನ ಮಗು ಒಂದೇ ಹೊಡೆತವನ್ನು ಹಿಡಿದು ಕೂತರೆ ಅಡ್ಡಿಯಿಲ್ಲ. ಆಟದ ಅಂದಾಜು ಸಿಗಲು ಅದು ಬೇಕು. ಅಂದಾಜು ಸಿಕ್ಕ ಮೇಲೆ ದೂರ, ಮೂಲೆ, ಎದುರಾಳಿ ಇವನ್ನು ಬದಲಿಸುತ್ತಾ ಬನ್ನಿ. ಮಾತನ್ನೂ ಬದಲಿಸಿ. “ಮಣಿಕಟ್ಟು ಹೀಗೆ ತಿರುಗಿಸು” ಎನ್ನುವುದಕ್ಕಿಂತ “ಷಟಲ್ ನೆಟ್ಟಿನ ಮೇಲೆ ಒಂದು ಗೇಣಿನೊಳಗೆ ದಾಟಲಿ” ಎಂದರೆ ಕೈಗೆ ಬೇಗ ಅರ್ಥವಾಗುತ್ತದೆ. ಗಮನ ಕೀಲಿನ ಮೇಲಿದ್ದಾಗ ಚಲನೆ ತೊಡರುತ್ತದೆ, ಗುರಿಯ ಮೇಲಿದ್ದಾಗ ಹರಿಯುತ್ತದೆ ಎಂಬುದನ್ನು ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಹಲವು ಪ್ರಯೋಗಗಳಲ್ಲಿ ಕಂಡಿದ್ದಾರೆ.

ಹೀಗೆ ಕಲಿಸಿದರೆ ಅಭ್ಯಾಸದ ಹೊತ್ತಿನಲ್ಲಿ ತಪ್ಪುಗಳು ಹೆಚ್ಚುತ್ತವೆ, ನೋಡುವವರ ಮನಸ್ಸು ಅಳುಕುತ್ತದೆ. ಆಗ ಸ್ವಲ್ಪ ತಾಳ್ಮೆ ಬೇಕು. ಶನಿವಾರ ಸಂಜೆಯ ಐವತ್ತನೆಯ ಸರ್ವ್ ಎಲ್ಲಿ ಬಿತ್ತೆಂದು ನೋಡಬೇಡಿ. ಸೋಮವಾರ ಬೆಳಿಗ್ಗೆ, ಮೈ ಇನ್ನೂ ಬಿಸಿಯಾಗುವ ಮೊದಲು, ಆ ಹುಡುಗಿ ಹೊಡೆಯುವ ಮೊದಲ ಸರ್ವ್ ಎಲ್ಲಿ ಬೀಳುತ್ತದೆಂದು ನೋಡಿ. ಕಲಿತದ್ದೆಷ್ಟು ಎಂಬುದು ಅಲ್ಲಿ ಕಾಣುತ್ತದೆ.