ಔತಣಕೂಟದಲ್ಲಿ ಐದು ನಿಮಿಷ: ವಿದ್ಯಾರ್ಥಿಯ ಉದ್ಯಮ ಯೋಜನೆ, ವರ್ತಕರ ಹೊಣೆ

ವರ್ತಕರ ಮನೆಯ ಮಕ್ಕಳು ವ್ಯಾಪಾರದ ಮೊದಲ ಪಾಠವನ್ನು ಅಂಗಡಿಯ ಗಲ್ಲೆಯ ಪಕ್ಕದಲ್ಲಿಯೇ ಕಲಿಯುತ್ತಾರೆ. ಗಿರಾಕಿಯೊಡನೆ ದರ ಮಾತನಾಡುವುದು, ಉದ್ರಿ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವುದು ಅವರಿಗೆ ಬಾಲ್ಯದಿಂದಲೇ ಕರಗತ. ಅಂಗಡಿಯಿಲ್ಲದ ಮನೆಯ ವಿದ್ಯಾರ್ಥಿಗೆ ಈ ಅನುಕೂಲವಿಲ್ಲ. ಆತ ತನ್ನ ಯೋಜನೆಯನ್ನು ಅಪರಿಚಿತ ಹಿರಿಯರ ಮುಂದೆ ನಿಂತು ವಿವರಿಸಬೇಕಾಗುತ್ತದೆ.

ಇಂತಹ ಮಂಡನೆಗೆ ವಿದ್ಯಾಸಂಸ್ಥೆಗಳು ವೇದಿಕೆ ಒದಗಿಸತೊಡಗಿ ದಶಕಗಳಾಗಿವೆ. ಅಮೆರಿಕದ ಎಂ.ಐ.ಟಿ.ಯಲ್ಲಿ ವಿದ್ಯಾರ್ಥಿಗಳ ಉದ್ಯಮ ಯೋಜನಾ ಸ್ಪರ್ಧೆ 1990ರಲ್ಲಿ ಆರಂಭವಾಯಿತು. ಸಂಶೋಧನೆಗಳನ್ನು ಮಾರುಕಟ್ಟೆಗೆ ತರುವ ಕೇಂದ್ರವೊಂದು 2002ರಲ್ಲಿ ಅಲ್ಲಿ ಸ್ಥಾಪನೆಯಾಗಲು ನೆರವಾದವರು ಹುಬ್ಬಳ್ಳಿ ಮೂಲದ ಉದ್ಯಮಿ ಗುರುರಾಜ ದೇಶಪಾಂಡೆ ದಂಪತಿಗಳು. ಅವರ ಪ್ರತಿಷ್ಠಾನವು ಹುಬ್ಬಳ್ಳಿಯಲ್ಲಿಯೂ ಯುವ ಉದ್ಯಮಿಗಳಿಗೆ ತರಬೇತಿ ನೀಡುತ್ತ ಬಂದಿದೆ. ರಾಜ್ಯ ಸರ್ಕಾರವು 2017ರಲ್ಲಿ ಆರಂಭಿಸಿದ ‘ಎಲಿವೇಟ್’ ಯೋಜನೆಯಲ್ಲಿಯೂ ತಜ್ಞರ ಮುಂದೆ ಮಂಡನೆ ಮಾಡಿಯೇ ಅನುದಾನಕ್ಕೆ ಅರ್ಹತೆ ಪಡೆಯಬೇಕು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ವಿದ್ಯಾರ್ಥಿಯನ್ನು ಮೊದಲು ಪರೀಕ್ಷಿಸಬಲ್ಲವರು ಆಯಾ ಊರಿನ ವರ್ತಕರೇ. ವಾಣಿಜ್ಯ ಸಂಸ್ಥೆಗಳ ಔತಣಕೂಟಗಳು ಇದಕ್ಕೆ ತಕ್ಕ ಸಂದರ್ಭ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಯಿಂದ ಉದ್ಯಮ ಕಟ್ಟಲು ಬಯಸುತ್ತಾಳೆ. 100 ಕ್ವಿಂಟಲ್ ಭತ್ತದಿಂದ ಸುಮಾರು 20 ಕ್ವಿಂಟಲ್ ಹೊಟ್ಟು ಬರುತ್ತದೆ. ಅದನ್ನು ಉರಿಸಿದರೆ ಸುಮಾರು 4 ಕ್ವಿಂಟಲ್ ಬೂದಿ ಉಳಿಯುತ್ತದೆ. ಚೆನ್ನಾಗಿ ಉರಿದ ಬೂದಿಯಲ್ಲಿ ಬಹುಪಾಲು ಸಿಲಿಕಾ. ಕರಗಿದ ಉಕ್ಕಿನ ಶಾಖ ಹೊರಹೋಗದಂತೆ ಮೇಲ್ಹೊದಿಕೆಯಾಗಿ ಇದನ್ನು ಬಳಸುವುದುಂಟು. ಉಕ್ಕಿನ ಕಾರ್ಖಾನೆಗಳು ಇದೇ ಜಿಲ್ಲೆಯ ಗಿಣಿಗೇರಾದಲ್ಲಿವೆ. ಯೋಜನೆ ಕೇಳಲು ಸೊಗಸಾಗಿದೆ.

ಆಗ ಹಿರಿಯ ಗಿರಣಿ ಮಾಲೀಕರೊಬ್ಬರು, “ತಂಗೀ, ಈ ಬೂದಿ ಈಗ ಎಲ್ಲಿಗೆ ಹೋಗತೈತಿ ಅನ್ನೋದು ಗೊತ್ತೈತೇನು?” ಎಂದು ಕೇಳಿದರೆನ್ನಿ. ಈ ಒಂದು ಪ್ರಶ್ನೆಯಲ್ಲಿ ಇಡೀ ವ್ಯವಹಾರ ಅಡಗಿದೆ. ಬೂದಿಯನ್ನು ಯಾರಾದರೂ ಕೊಳ್ಳುತ್ತಿದ್ದರೆ ಅದು ಪುಕ್ಕಟೆ ಸರಕಲ್ಲ. ಅರೆಬೆಂದ ಹೊಟ್ಟಿನ ಕಪ್ಪು ಬೂದಿಯಲ್ಲಿ ಇಂಗಾಲ ಹೆಚ್ಚು. ಪ್ರತಿ ಗಿರಣಿಯ ಬೂದಿ ಒಂದೇ ಗುಣಮಟ್ಟದ್ದಲ್ಲ. ಹಗುರ ಸರಕಾದ್ದರಿಂದ ಲಾರಿ ತುಂಬಿದರೂ ತೂಕ ಕಡಿಮೆ. ಬಾಡಿಗೆಯೇ ಲಾಭವನ್ನು ನುಂಗಬಹುದು. ಸಿಲಿಕಾ ಧೂಳು ಕಾರ್ಮಿಕರ ಶ್ವಾಸಕೋಶಕ್ಕೆ ಹಾನಿಕರ. ಇವುಗಳಿಗೆ ವಿದ್ಯಾರ್ಥಿನಿಯ ಬಳಿ ಅಂದೇ ಉತ್ತರವಿಲ್ಲದಿದ್ದರೆ ಅದು ಸೋಲಲ್ಲ. “ವಿಚಾರಿಸಿಕೊಂಡು ಬಂದು ಹೇಳುತ್ತೇನೆ” ಎಂಬ ಉತ್ತರ ಊಹೆಯ ಅಂಕಿಗಳಿಗಿಂತ ಮೇಲು.

ಮಂಡನೆಗೆ ಸಿದ್ಧರಾಗುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಊಟ ಬಡಿಸುವ ಮೊದಲೇ ಮಾತು ಮುಗಿಯಬೇಕು. ಕೊಳ್ಳುವವರು ಯಾರು, ಅವರ ಈಗಿನ ಖರ್ಚೆಷ್ಟು, ತಮ್ಮ ದರವೆಷ್ಟು ಎಂಬುದು ಮೊದಲ ನಿಮಿಷದಲ್ಲಿಯೇ ತಿಳಿಯಬೇಕು. ಪರದೆಯ ಮೇಲಿನ ಚಿತ್ರಗಳಿಗಿಂತ ಎರಡು ಶೀಶೆಗಳಲ್ಲಿ ತಂದ ಕಪ್ಪು ಹಾಗೂ ಬೂದುಬಣ್ಣದ ಮಾದರಿ ಹೆಚ್ಚು ಹೇಳುತ್ತದೆ. ಭಾಷೆಯ ಅಂಜಿಕೆಯೂ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿದ ಯುವಕ ಇಂಗ್ಲಿಷಿನಲ್ಲಿ ತಡವರಿಸಿದರೆ ಕೇಳುಗರು ಯೋಜನೆಯೇ ದುರ್ಬಲವೆಂದು ಭಾವಿಸುವ ಅಪಾಯವಿದೆ. ಲೆಕ್ಕ ಸರಿಯಿದ್ದರೆ ಕನ್ನಡದಲ್ಲಿ ಹೇಳಿದರೂ ಸರಿಯೇ.

ಕೇಳುಗರ ಹೊಣೆ ಇದಕ್ಕಿಂತ ದೊಡ್ಡದು. ಚಪ್ಪಾಳೆ ತಟ್ಟಿ “ಆಮೇಲೆ ಬಂದು ಕಾಣು” ಎಂದು ಕಳುಹಿಸುವುದು ಸುಲಭ. ಹಾಗೆ ಹಿಂದಿರುಗಿದವರು ಮತ್ತೆ ಬರುವುದು ವಿರಳ; ಬೆಂಗಳೂರಿನ ಸಂಬಳದ ನೌಕರಿ ಅವರನ್ನು ಸೆಳೆಯುತ್ತದೆ. ಊರಿನ ಬೂದಿ ಊರಿನಲ್ಲಿಯೇ ಉಳಿಯುತ್ತದೆ, ಅದಕ್ಕೆ ಬೆಲೆ ಕಟ್ಟಬಲ್ಲವರು ಹೊರಟುಹೋಗುತ್ತಾರೆ. ಕುಷ್ಟಗಿಯಲ್ಲಿ ಮಾರುಕಟ್ಟೆಗೆ ಸಲ್ಲದ ಸೀಳುಬಿಟ್ಟ ದಾಳಿಂಬೆಗೂ, ಕಿನ್ನಾಳದ ಗೊಂಬೆಗಳನ್ನು ದೂರದೂರಿಗೆ ಮುರಿಯದಂತೆ ಕಳುಹಿಸುವ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ.

ವರ್ತಕರು ಕೊಡಬಹುದಾದದ್ದು ಮೂರು: ನಿಷ್ಠುರವಾದರೂ ಅವಮಾನಿಸದ ಪ್ರಶ್ನೆ; ಗಿರಣಿಯಲ್ಲಿಯೋ ಅಂಗಡಿಯಲ್ಲಿಯೋ ಒಂದು ವಾರ ಕಂಡು ಕಲಿಯುವ ಅವಕಾಶ; ಯೋಜನೆ ಹಿಡಿಸಿದರೆ ಚಿಕ್ಕದೊಂದು ಪ್ರಾಯೋಗಿಕ ಆರ್ಡರ್. ಈ ಮೂರನೆಯದಕ್ಕೆ ಸಕಾಲದಲ್ಲಿ ಹಣ ಪಾವತಿಯಾಗಬೇಕು. ಹೊಸ ಉದ್ಯಮಿಗೆ ಮೊದಲ ಬಿಲ್ಲಿನ ಹಣ ಕೈಸೇರುವುದಕ್ಕಿಂತ ದೊಡ್ಡ ಸನ್ಮಾನವಿಲ್ಲ.