ಚೌಡಿಕೆಯ ತಂತಿ, ಡಿ.ಜೆ.ಯ ಪೆಟ್ಟಿಗೆ

ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೇರಿದವರಿಗೆ ಚೌಡಿಕೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಟೊಳ್ಳಾದ ಮರದ ಕೊಳಗ. ಅದರ ಅಡಿಗೆ ಬಿಗಿದ ಚರ್ಮ. ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ಬಿರಡೆಗೆ ಸುತ್ತಿಕೊಂಡ ಒಂದೇ ತಂತಿ. ಕಂಕುಳಲ್ಲಿ ಅವಚಿ ಜೋಗತಿಯು ಅದನ್ನು ಮಿಡಿದಾಗ ನಾದವು ಹೊರಡುತ್ತದೆ ಎನ್ನುವುದಕ್ಕಿಂತ ಜಾರುತ್ತದೆ ಎನ್ನುವುದೇ ಸರಿ. ಶ್ರುತಿಯೂ ಅದೇ, ಲಯವೂ ಅದೇ.

ಈಗ ಬೈಲಹೊಂಗಲ, ರಾಮದುರ್ಗಗಳ ಗಣಪತಿ ಮೆರವಣಿಗೆಯಲ್ಲಿ, ಮದುವೆಯ ದಿಬ್ಬಣದಲ್ಲಿ, ಗುಡ್ಡದ ದಾರಿಯಲ್ಲಿಯೂ ನಾವು ಕೇಳುವುದು ಬೇರೊಂದು ನಾದ. ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳಿಂದ ಬರುವ ಅದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. ಜನರು ಅದನ್ನು 'ಡಿ.ಜೆ.' ಎನ್ನುವರು. ಡಿ.ಜೆ. ಎಂದರೆ ಮೂಲದಲ್ಲಿ ಧ್ವನಿಮುದ್ರಿಕೆಗಳನ್ನು ಆಯ್ದು ನುಡಿಸುವ ಮನುಷ್ಯ. ನಮ್ಮಲ್ಲಿ ಮನುಷ್ಯನು ಮಾಯವಾಗಿ ಪೆಟ್ಟಿಗೆಗೇ ಆ ಹೆಸರು ನಿಂತಿದೆ. ಆಡುನುಡಿಯು ತನಗೆ ತಿಳಿಯದೆಯೇ ಒಮ್ಮೊಮ್ಮೆ ಒಳ್ಳೆಯ ವಿಮರ್ಶೆ ಮಾಡುತ್ತದೆ!

ಇದರ ವಂಶಾವಳಿ ಸ್ವಾರಸ್ಯವಾದುದು. ದೊಡ್ಡ ಧ್ವನಿಪೆಟ್ಟಿಗೆಗಳನ್ನು ಬೀದಿಗೆ ತಂದು ಕುಣಿಸುವ ಪದ್ಧತಿ 1950ರ ದಶಕದ ಜಮೈಕಾ ದ್ವೀಪದಲ್ಲಿ, ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ ಬೆಳೆಯಿತು. ಯಂತ್ರದ ಸ್ವರವನ್ನು ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದವರು 1970ರ ದಶಕದಲ್ಲಿ ಜನಪ್ರಿಯಗೊಳಿಸಿದರು. 1977ರ ಸುಮಾರಿಗೆ ಅಮೆರಿಕದ ಶಿಕಾಗೋದಲ್ಲಿ ವೇರ್‌ಹೌಸ್ ಎಂಬ ಕುಣಿತದ ಮನೆ ತೆರೆಯಿತು. ಅಲ್ಲಿ ಫ್ರ್ಯಾಂಕಿ ನಕಲ್ಸ್ ಎಂಬಾತನು ನುಡಿಸಿದ ಬಗೆಗೆ 'ಹೌಸ್' ಎಂಬ ಹೆಸರು ಬಂದಿತು. ಅಲ್ಲಿ ನೆರೆಯುತ್ತಿದ್ದವರು ಬಹುಮಟ್ಟಿಗೆ ಸಮಾಜವು ಬದಿಗೊತ್ತಿದ ಕರಿಯರು, ಸಲಿಂಗಪ್ರೇಮಿಗಳು. ಗುಡ್ಡದ ಜೋಗಪ್ಪಂದಿರನ್ನು ಬಲ್ಲ ವಾಚಕರಿಗೆ ಈ ಮಾತು ತೀರ ಹೊಸದೆನಿಸಲಾರದು.

ಅತ್ಯಂತ ಸೋಜಿಗದ ಪ್ರಸಂಗವಾದರೋ ಮುಂಬಯಿಯದು. 1980ರ ದಶಕದ ಆರಂಭದಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯು ಟಿಬಿ-303 ಎಂಬ ಪುಟ್ಟ ಯಂತ್ರವನ್ನು ಹೊರತಂದಿತು. ಮಂದ್ರ ಗಿಟಾರಿನ ಬದಲಿಗೆ ಬಳಸಲೆಂದು ಮಾಡಿದ ಅದರಲ್ಲಿ ಒಂದು ಸ್ವರವು ಇನ್ನೊಂದಕ್ಕೆ ಜಾರುವ ಏರ್ಪಾಡಿತ್ತು. ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಎಂಬವರು 1982ರಲ್ಲಿ ಆ ಯಂತ್ರವನ್ನೂ ಬಳಸಿ ಭೈರವ, ಲಲಿತ, ತೋಡಿ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿ ಒಂದು ಧ್ವನಿಮುದ್ರಿಕೆ ತಂದರು. ಕೊಳ್ಳುವವರಿಲ್ಲದೆ ಅದು ಮೂಲೆ ಸೇರಿತು. ಇತ್ತ ಯಂತ್ರವೂ ಮಾರಾಟವಾಗದೆ ಅಗ್ಗವಾಗಿ, ಶಿಕಾಗೋದ ಹುಡುಗರ ಕೈಸೇರಿತು. 1987ರಲ್ಲಿ ಅವರು ಅದರಿಂದ ತೆಗೆದ 'ಆ್ಯಸಿಡ್' ನಾದ ಜಗತ್ತನ್ನೇ ಕುಣಿಸಿತು. ಐದು ವರ್ಷ ಮೊದಲೇ ಮುಂಬಯಿಯಲ್ಲಿ ಅಂಥದೇ ನಾದ ಹುಟ್ಟಿತ್ತೆಂದು ಲೋಕಕ್ಕೆ ತಿಳಿದುದು 2010ರಲ್ಲಿ ಆ ಮುದ್ರಿಕೆ ಮರಳಿ ಪ್ರಕಟವಾದಾಗ. ಮಲ್ಲಿಕಾರ್ಜುನ ಮನಸೂರರ ಸೀಮೆಯವರಾದ ನಾವು ಆ ತೋಡಿಯನ್ನು ಕೇಳಿ ಮುಖ ಸಿಂಡರಿಸಬಹುದು. ಆದರೆ ಆ ಜಾರುವ ತಂತ್ರ ಚೌಡಿಕೆಗೆ ಮೊದಲಿನಿಂದಲೂ ಗೊತ್ತಿದ್ದುದೇ ಅಲ್ಲವೆ?

ನಮ್ಮ ಡಿ.ಜೆ. ಹಾಡುಗಳಿಗೆ ಬರೋಣ. ಮಾಳು ನಿಪನಾಳ, ಬಾಳು ಬೆಳಗುಂದಿ, ಪರಸು ಕೋಲೂರ ಇವರ 'ಜಾನಪದ' ಗೀತೆಗಳು ಯೂಟ್ಯೂಬಿನಿಂದ ಹಳ್ಳಿಹಳ್ಳಿಗೆ ಹಬ್ಬಿವೆ. ಕೀಬೋರ್ಡಿನ ಲಯಕ್ಕೆ ಇನ್ನಷ್ಟು ಮಂದ್ರವನ್ನು ಬೆರೆಸಿ ಪೆಟ್ಟಿಗೆಗೆ ಒಪ್ಪಿಸುವರು. ಈ ಬಗೆಯ ಹಾಡುಗಳಲ್ಲಿ ಒರಟು ಸಾಹಿತ್ಯವೇ ಹೆಚ್ಚೆಂಬುದನ್ನು ಮುಚ್ಚಿಡುವುದೇಕೆ? ಆದರೂ ಹಿಂದೀ ಮರಾಠೀ ಹಾಡುಗಳು ಮೊಳಗುತ್ತಿದ್ದ ಗಡಿಜಿಲ್ಲೆಯಲ್ಲಿ, ಕಬ್ಬಿನ ಗದ್ದೆಯ ಹುಡುಗನು ತನ್ನ ಮನೆಯ ಮಾತನ್ನೇ ಆಳೆತ್ತರದ ಪೆಟ್ಟಿಗೆಯಿಂದ ಕೇಳುವುದು ಸಣ್ಣ ಸಂಗತಿಯಲ್ಲ.

ಸಣ್ಣ ಸಂಗತಿಯಲ್ಲದ್ದು ಇನ್ನೂ ಒಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಡೆಸಿಬೆಲ್ಲಿನ ಲೆಕ್ಕ ಅಂಗಡಿಯ ಲೆಕ್ಕವಲ್ಲ: ಹತ್ತು ಏರಿದರೆ ಶಕ್ತಿ ಹತ್ತು ಪಟ್ಟಾಗುತ್ತದೆ. ಹಗಲಿನ ಮಿತಿಯೆದುರು 100 ಡೆಸಿಬೆಲ್ ಎಂದರೆ ಮೂವತ್ತು ಸಾವಿರ ಪಟ್ಟಿಗೂ ಮಿಕ್ಕ ಶಕ್ತಿ. ಮಂದ್ರನಾದವನ್ನು ಗೋಡೆಯೂ ಅಷ್ಟಾಗಿ ತಡೆಯದು. ತೊಟ್ಟಿಲಿನ ಕೂಸಿಗೂ ಹಾಸಿಗೆ ಹಿಡಿದ ಮುದುಕರಿಗೂ ಕಿವಿ ಮುಚ್ಚಿಕೊಳ್ಳುವ ಉಪಾಯವಿಲ್ಲ. ಈ ಮಾತಿನಲ್ಲಿ ನಾನು ಡಿ.ಜೆ.ಯ ಪಕ್ಷವನ್ನು ವಹಿಸಲಾರೆ.

ಹಾಗೆಂದು ಚೌಡಿಕೆ ಮೌನವಾಯಿತೆಂದು ಬರಿದೆ ಮರುಗುವುದೂ ಸರಿಯಲ್ಲ. ಆ ತಂತಿಗೆ ಹೆಣ್ಣುಮಕ್ಕಳ ಬಾಳನ್ನೂ ಕಟ್ಟಿದ್ದರು. ಮುಂಬಯಿಯಲ್ಲಿ ಆ ಮುದ್ರಿಕೆ ಬಂದ 1982ರಲ್ಲಿಯೇ ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನ ರೂಪುಗೊಂಡಿತು. ಜೋಗತಿಯ ಮಗಳು ಚೌಡಿಕೆ ಹಿಡಿಯದೆ ಶಾಲೆಗೆ ಹೋದರೆ ಅಳಬೇಕಾದವರು ಯಾರೂ ಇಲ್ಲ. ಆದರೆ ಕಟ್ಟು ಬಿಚ್ಚಿದ ಮೇಲೂ ಹಾಡು ಉಳಿಯಬಹುದೆಂಬುದಕ್ಕೆ, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರೇ ಸಾಕ್ಷಿ.

ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಹಗಲಿನ ಮೆರವಣಿಗೆ ಡೊಳ್ಳಿಗೆ, ರಾತ್ರಿಯ ವೇದಿಕೆ ರಸಮಂಜರಿಗೆ ಎಂಬ ಹಂಚಿಕೆಯನ್ನು ಕಂಡಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ರೇಣುಕೆಯ ಕಥೆಯನ್ನು ಇರುಳಿಡೀ ಹಾಡಬಲ್ಲ ಮುದುಕಿಯರು ಈ ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಬೈಲಹೊಂಗಲ, ರಾಮದುರ್ಗಗಳ ಕಾಲೇಜಿನ ಕನ್ನಡ ಅಧ್ಯಾಪಕರು ಅವರನ್ನು ಹುಡುಕಿಕೊಂಡು ಹೋಗಲಿ. ಹಾಡನ್ನು ಮುದ್ರಿಸಿಕೊಳ್ಳುವ ಸಲಕರಣೆಗಾಗಿ ಸರಕಾರಕ್ಕೆ ಅರ್ಜಿ ಬರೆಯಬೇಕಾದುದಿಲ್ಲ, ಅದು ಡಿ.ಜೆ. ಹುಡುಗರ ಮನೆಯಲ್ಲಿಯೇ ಇದೆ, ಕೇಳಿದರೆ ಕೊಟ್ಟಾರು.